ಎತ್ತಿ ಕುಡಿಯಲು ಬಾರದ ಪಾನೀಯ

ಸಿರುಗುಪ್ಪದ ಹುಲಿಗೆಮ್ಮನವರು ನನ್ನನ್ನು ಕೇಳಿದ ಪ್ರಶ್ನೆಯನ್ನು ಮೊದಲು ಬರೆದುಬಿಡುತ್ತೇನೆ. ಈ ಕೆಲಸದಲ್ಲಿದ್ದಷ್ಟು ಕಾಲ ಜನರು ನನ್ನಿಂದ ಬಗೆಬಗೆಯ ತಂಪು ಪಾನೀಯಗಳನ್ನು ಕೇಳಿ ಮಾಡಿಸಿಕೊಂಡಿದ್ದಾರೆ: ಹುಳಿ ಮುಂದಾದದ್ದು, ಸಿಹಿ ಮುಂದಾದದ್ದು, ಬ್ರಾಂಡಿ ಬೆರೆಸಿದ್ದು, ಬ್ರಾಂಡಿ ಬೆರೆಸಿಯೂ ಬೆರೆಸಿಲ್ಲವೆಂಬಂತೆ ಕಾಣುವಂಥದ್ದು. ಹುಲಿಗೆಮ್ಮನವರು ಕೇಳಿದ್ದನ್ನು ಮಾತ್ರ ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ.

“ಟೀಚರಮ್ಮ, ಎತ್ತಿ ಕುಡಿಯಾಕ ಬರಬಾರ್ದು. ಅಂಥದೊಂದು ಮಾಡಿ ಕೊಡ್ತೀರೇನ್ರಿ?”

ಲೋಟದ ಅಂಚಿಗೆ ತುಟಿ ತಾಗಿಸದೆ, ತಲೆಯನ್ನು ಹಿಂದಕ್ಕೆ ಚೆಲ್ಲಿ, ಮೇಲಿನಿಂದ ಬಾಯಿಗೆ ಧಾರೆ ಬಿಟ್ಟುಕೊಳ್ಳುವುದನ್ನು ನಮ್ಮಲ್ಲಿ ಎತ್ತಿ ಕುಡಿಯುವುದು ಎನ್ನುತ್ತಾರೆ. ತುಟಿ ತಾಗಿಸಿದರೆ ಅದು ಕಚ್ಚಿ ಕುಡಿಯುವುದು. ಹುಲಿಗೆಮ್ಮನವರಿಗೆ ಬೇಕಾಗಿದ್ದುದು ಇಷ್ಟೇ: ಒಬ್ಬ ಅತಿಥಿ, ಒಂದು ದಿನ, ಅವರ ಮನೆಯಲ್ಲಿ, ಅವರ ಲೋಟವನ್ನು ಕಚ್ಚಿ ಕುಡಿಯಬೇಕು. ಆ ಅತಿಥಿ ಯಾರು, ಏಕೆ ಎಂಬುದು ಅದರ ಸ್ಥಾನದಲ್ಲಿ ಬರುತ್ತದೆ. ಆ ಪ್ರಶ್ನೆ ಎಷ್ಟು ಕಠಿಣವಾದದ್ದೆಂದು ತಿಳಿಯಬೇಕಾದರೆ ಈ ವೃತ್ತಿ ನಿಜವಾಗಿ ಎಂಥದೆಂದು ತಿಳಿದಿರಬೇಕು. ಈಚೆಗೆ ಮನೆಮನೆಗೆ ಹೋಗಿ ಪಾನೀಯ ಬೆರೆಸಿಕೊಡುವ ಕೆಲಸಕ್ಕೆ ಕಿರಿಯರು ಬರುತ್ತಿದ್ದಾರೆ. ಅವರು ಮೊಬೈಲು ನೋಡಿ ಕಲಿತವರು, ಕೈ ಚುರುಕಾಗಿದೆ. ಆದರೆ ಆ ಮೊಬೈಲಿನಲ್ಲಿ ಕುಡಿಯುವವರೆಲ್ಲರೂ ಕಚ್ಚಿ ಕುಡಿಯುವವರು. ಬಳ್ಳಾರಿ ಜಿಲ್ಲೆ ಹಾಗಿಲ್ಲ.

ನಾನು ಕನ್ನಡ ಶಿಕ್ಷಕಿಯಾಗಿದ್ದೆ. ನಾನು ಪಾಠ ಹೇಳುತ್ತಿದ್ದ ಖಾಸಗಿ ಶಾಲೆಗೆ ಮಕ್ಕಳು ಕಡಿಮೆಯಾಗಿ, ಒಂದು ಬೇಸಿಗೆ ರಜೆಯ ನಂತರ ಅದು ತೆರೆಯಲೇ ಇಲ್ಲ. ನನ್ನ ತಮ್ಮ ತಿಪ್ಪೇಶನಿಗೆ ಕೌಲ್ ಬಜಾರಿನಲ್ಲಿ ಸೋಡಾ, ಶರಬತ್ತು, ಐಸಿನ ಅಂಗಡಿಯಿತ್ತು. ಮದುವೆ, ಗೃಹಪ್ರವೇಶ, ಹುಟ್ಟುಹಬ್ಬದ ಮನೆಗಳಿಗೆ ಸಾಮಾನು ಕಳಿಸುತ್ತಿದ್ದವನು, ಬೆರೆಸಿಕೊಡುವವರನ್ನೂ ಕಳಿಸಿದರೆ ವ್ಯಾಪಾರ ಬೆಳೆಯುತ್ತದೆಂದು ಕಂಡುಕೊಂಡ. ಅವನ ಕರಪತ್ರದಲ್ಲಿ ಅದಕ್ಕೆ ‘ಹೋಮ್ ಕಾಕ್‌ಟೇಲ್’ ಎಂದಿತ್ತು. ನಾನು ಮಿಶ್ರಪಾನೀಯ ಎಂದೇ ಬರೆಯುತ್ತೇನೆ, ಓದುಗರು ಅಭ್ಯಾಸ ಮಾಡಿಕೊಳ್ಳಬೇಕು.

ಇಂಥ ಬರಹಗಳಲ್ಲಿ ಮೇಲಧಿಕಾರಿಗಳ ಸ್ವಭಾವವನ್ನು ವರ್ಣಿಸುವ ವಾಡಿಕೆಯಿದೆ. ನನ್ನ ಮೇಲಧಿಕಾರಿ ನನ್ನ ತಮ್ಮನೇ. ಮೊದಲ ದಿನವೇ ಅವನು ನನ್ನನ್ನು ಐಸ್ ಪೆಟ್ಟಿಗೆಯ ಹಿಂದಕ್ಕೆ ಕರೆದು ಗಂಭೀರವಾಗಿ ಹೇಳಿದ.

“ಅಕ್ಕ, ಮನ್ಯಾಗ ನೀನು ದೊಡ್ಡಾಕಿ, ಒಪ್ಪತೀನಿ. ಅಂಗಡ್ಯಾಗ ನಾನು ಓನರ್ ಅದೀನಿ. ಗಿರಾಕಿ ಮುಂದ ನನಗ ‘ಲೇ’ ಅನಬ್ಯಾಡ.”

“ಆಯ್ತು ಲೇ,” ಎಂದೆ.

ತಿಪ್ಪೇಶನದು ಕಣ್ಣಳತೆ. ಬೆಳಗಿನ ಶರಬತ್ತಿಗೂ ಸಂಜೆಯ ಶರಬತ್ತಿಗೂ ಸಂಬಂಧವೇ ಇರುತ್ತಿರಲಿಲ್ಲ. ನಾನು ಪಾಲಿನ ಲೆಕ್ಕ ತಂದೆ: ಒಂದು ಪಾಲು ಲಿಂಬೆರಸಕ್ಕೆ ಎರಡು ಪಾಲು ನನ್ನಾರಿ ಬೇರಿನ ಪಾಕ, ನಾಲ್ಕು ಪಾಲು ಸೋಡಾ, ಚಿಟಿಕೆ ಉಪ್ಪು. ಮದ್ಯ ಬೇಕೆಂದವರಿಗೆ ಸೋಡಾದಲ್ಲಿ ಒಂದು ಪಾಲು ಕಳೆದು ಮದ್ಯವನ್ನು ಸೇರಿಸುವುದು. ಪಾಕ ಮೊದಲು, ಹುಳಿ ಆಮೇಲೆ, ಸೋಡಾ ಕಟ್ಟಕಡೆಗೆ. ಸೋಡಾ ಹಾಕಿದ ಮೇಲೆ ಕುಲುಕಬಾರದು. ಕುಲುಕಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಅಂಗಡಿಯ ಚಾವಣಿಯ ಕಲೆಗಳು ಬಹಳ ದಿನ ಹೇಳುತ್ತಿದ್ದವು. ಲೋಟವನ್ನು ಎಂದೂ ಕಂಠಮಟ್ಟ ತುಂಬಬಾರದು, ಎರಡು ಬೆರಳಿನಷ್ಟು ಜಾಗ ಬಿಡಬೇಕು ಎಂಬುದೂ ನಾನೇ ಮಾಡಿದ ನಿಯಮ.

ನಿಯಮಗಳು ಮುಗಿದವೆಂದು ನಾನು ತಿಳಿದುಕೊಂಡಿದ್ದಾಗ ಬ್ರೂಸ್‌ಪೇಟೆಯ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯಿಂದ ಕರೆ ಬಂತು. ಹೊಸ ಅಳಿಯ ಮೊದಲ ಸಲ ಬೇಸಿಗೆಗೆ ಬಂದಿದ್ದಾನೆ, ಏನಾದರೂ ವಿಶೇಷವಾದದ್ದು ಬೇಕು ಎಂದರು. ನಾನು ಲಿಂಬೆ, ಶುಂಠಿ, ಪುದೀನ ಅರೆದು, ಸೋಡಾ ತುಂಬಿ, ಲೋಟದ ಅಂಚನ್ನು ಲಿಂಬೆಹೋಳಿನಿಂದ ಒದ್ದೆ ಮಾಡಿ ಉಪ್ಪು-ಖಾರದ ಪುಡಿಯಲ್ಲಿ ಅದ್ದಿ, ಮೇಲೊಂದು ಪುದೀನದ ಎಲೆಯಿಟ್ಟು ಕೊಟ್ಟೆ. ನೋಡಲು ಬಹಳ ಚೆನ್ನಾಗಿತ್ತು. ಹಿರಿಯ ಶೆಟ್ಟರು “ಎಲ್ಲಾರೂ ಕೂಡಿ ಕುಡಿಯೋಣು” ಎಂದರು. ಆ ಮನೆಯವರೆಲ್ಲರೂ ಒಂದೇ ಸಲಕ್ಕೆ ಲೋಟವನ್ನು ಹಣೆಯ ಮೇಲಕ್ಕೆ ಎತ್ತಿದರು.

ಅಂಚಿನ ಮೇಲಿದ್ದ ಉಪ್ಪೂ ಖಾರವೂ ಧಾರೆಗಿಂತ ಮೊದಲು ಇಳಿದವು. ಅವು ಎಲ್ಲಿಗೆ ಇಳಿಯಬೇಕೋ ಅಲ್ಲಿಗೇ, ತೆರೆದ ಕಣ್ಣುಗಳಿಗೇ ಇಳಿದವು. ಹಿಂದೆಯೇ ಐಸು ಬಂತು. ಇಡೀ ಕುಟುಂಬ ಗೋಡೆ ಸವರುತ್ತ ಬಚ್ಚಲಿನ ದಾರಿ ಹಿಡಿಯಿತು. ಹುಬ್ಬಳ್ಳಿ ಕಡೆಯ ಅಳಿಯ ಕಚ್ಚಿ ಕುಡಿಯುವವನಾದ್ದರಿಂದ ಅವನೊಬ್ಬನಿಗೇ ಕಣ್ಣು ಕಾಣುತ್ತಿತ್ತು. ಅತ್ತೆಮಾವಂದಿರನ್ನು ಕೈಹಿಡಿದು ನಲ್ಲಿಯವರೆಗೆ ನಡೆಸಿದವನು ಅವನೇ. ಹಿರಿಯ ಶೆಟ್ಟರು ಹಣೆಗೆ ಅಂಟಿದ್ದ ಪುದೀನದ ಎಲೆಯೊಂದಿಗೇ ತಿರುಗಿ ಬಂದರು.

“ಕಣ್ಣಿಗೆ ಖಾರ ಹಾಕಿ ಉಪಚಾರ ಮಾಡೋದು ಯಾವ ಊರಿನ ಪದ್ಧತಿ, ಟೀಚರಮ್ಮ?”

ಮೊಮ್ಮಗಳು ಹೇಳಿದಳು: “ತಾತ, ಅದನ್ನ ನೆಕ್ಕಬೇಕಂತ.”

“ನೆಕ್ಕಾಕ ನಾನೇನು ಎಮ್ಮಿಕರು ಏನಬೇ?”

ಅಂದಿನಿಂದ ನನ್ನ ವಿಧಾನ ಬದಲಾಯಿತು. ಯಾವ ಮನೆಗೆ ಹೋದರೂ ಐಸ್ ಪೆಟ್ಟಿಗೆಯನ್ನು ಇಳಿಸುವ ಮುಂಚೆ ಕೇಳುವ ಪ್ರಶ್ನೆ: ಎತ್ತಿ ಕುಡಿಯುವವರು ಯಾರು, ಕಚ್ಚಿ ಕುಡಿಯುವವರು ಯಾರು? ಎತ್ತುವವರಿಗೆ ಅಂಚಿನ ಉಪ್ಪಿಲ್ಲ, ಎಲೆಯಿಲ್ಲ, ರಸವನ್ನು ಸೋಸಬೇಕು, ಐಸನ್ನು ಪುಡಿ ಮಾಡಬೇಕು, ಗ್ಯಾಸು ಅರ್ಧ ಹೋದ ಮೇಲೆ ಕೊಡಬೇಕು. ಸಬ್ಜಾ ಬೀಜ ಸಲ್ಲದು, ಮೂಗಿಗೆ ಹೋಗುತ್ತದೆ. ಬಣ್ಣಬಣ್ಣದ ಪದರಗಳನ್ನು ಮಾಡಿ ಪ್ರಯೋಜನವಿಲ್ಲ. ಅವರು ನೋಡುವುದು ಲೋಟದ ತಳವನ್ನು ಮಾತ್ರ.

ಕುಡಿಯುವ ರೀತಿಯ ಜೊತೆಗೆ ಯಾರ ಮುಂದೆ ಕುಡಿಯುತ್ತಾರೆ ಎಂಬುದನ್ನೂ ಕಲಿಯಬೇಕಾಯಿತು. ಗಾದಿಲಿಂಗನೆಂಬ ನನ್ನ ಹಳೆಯ ವಿದ್ಯಾರ್ಥಿ ತನ್ನ ಮನೆಯಲ್ಲಿ ಗೆಳೆಯರನ್ನು ಕೂಡಿಸಿ, ಬೆರೆಸಿಕೊಡಲು ಯಾರು ಬರುತ್ತಾರೆಂದು ತಿಳಿಯದೆ ತಿಪ್ಪೇಶನಿಗೆ ಫೋನು ಮಾಡಿದ್ದ. ನಾನು ಪೆಟ್ಟಿಗೆ ಹಿಡಿದು ಒಳಗೆ ಕಾಲಿಟ್ಟಾಗ ಆ ದೊಡ್ಡ ಗಂಡಸರೆಲ್ಲ ದಡಕ್ಕನೆ ಎದ್ದು ನಿಂತು “ನಮಸ್ಕಾರ ಟೀಚರ್” ಎಂದು ರಾಗವಾಗಿ ಹೇಳಿದರು. ಎಲ್ಲರೂ ನನ್ನ ತರಗತಿಯವರೇ. ಮೇಜಿನ ಮೇಲಿದ್ದ ಬ್ರಾಂಡಿ ಬಾಟಲಿ ಅಷ್ಟರಲ್ಲಿ ಮಾಯವಾಗಿತ್ತು. ಒಬ್ಬನ ಅಂಗಿ ಮಾತ್ರ ಹೊಟ್ಟೆಯ ಹತ್ತಿರ ಚೌಕಾಕಾರವಾಗಿತ್ತು.

“ಅದನ್ನ ಕೊಡು, ಬೆರೆಸಬೇಕು,” ಎಂದೆ.

“ಯಾವುದ್ರಿ ಟೀಚರ್?”

“ನಿನ್ನ ಅಂಗಿಯೊಳಗಿರೋದು.”

ಕೊಟ್ಟ. ಬೆರೆಸಿಕೊಟ್ಟೆ. ಯಾರೂ ಮುಟ್ಟಲಿಲ್ಲ. ಲೋಟಗಳನ್ನು ಮುಂದಿಟ್ಟುಕೊಂಡು ಕೈಕಟ್ಟಿ ಕುಳಿತರು. ಕೊನೆಗೆ ಗಾದಿಲಿಂಗ ಎದ್ದು ನಿಂತ.

“ಟೀಚರ್, ನೀವು ಆ ಗ್ವಾಡಿ ಕಡೆ ಮುಖ ಮಾಡಿ ನಿಂತ್ರ ನಾವು ಈ ಕಡೆ ಕುಡಿತೀವ್ರಿ.”

“ನಾನೇ ಬೆರೆಸಿಕೊಟ್ಟದ್ದು. ನನ್ನ ಮುಂದ ಕುಡಿಯಾಕ ಏನು ನಾಚಿಕಿ?”

“ಬೆರೆಸಿದಾಕಿ ಬ್ಯಾರೆ ರಿ, ಟೀಚರ್ ಬ್ಯಾರೆ ರಿ.”

ಆ ಸಂಜೆ ನಾನು ಗೋಡೆಗೆ ಮುಖ ಮಾಡಿ ಬೆರೆಸಿದೆ. ತುಂಬಿದ ಲೋಟಗಳನ್ನು ಬೆನ್ನ ಹಿಂದಕ್ಕೆ ಚಾಚಿದೆ. ಹಿಂದಿನಿಂದ ಗುಟುಕಿನ ಸದ್ದು ಬರುತ್ತಿತ್ತು. ನಾನು ಕೆಮ್ಮಿದರೆ ನಿಲ್ಲುತ್ತಿತ್ತು. ಮೂರನೆಯ ಸುತ್ತಿನ ಹೊತ್ತಿಗೆ ಒಬ್ಬ, ಈಗ ಎರಡು ಲಾರಿಗಳ ಮಾಲೀಕ, ಹೊರಗೆ ಹೋಗಲು ಕಿರುಬೆರಳೆತ್ತಿ ನನ್ನ ಅನುಮತಿ ಕೇಳಿದ. ಕೊಟ್ಟೆ. ಬೇಗ ಬರಬೇಕೆಂದೂ ಹೇಳಿದೆ.

ಗೋಡೆಯ ಕಡೆ ತಿರುಗಿ ನಿಲ್ಲುವುದು ಈ ವೃತ್ತಿಯ ದೊಡ್ಡ ಪಾಠ. ಕೈಗಿಂತ ಮುಖವನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಒಂದು ಮನೆಯಲ್ಲಿ ಕಂಡದ್ದನ್ನು ಇನ್ನೊಂದು ಮನೆಗೆ ಒಯ್ಯಬಾರದು. ಈ ನಿಯಮವನ್ನು ನಾನು ಎಂದೂ ಮುರಿಯಲಿಲ್ಲ. ಆದರೆ ಕುರುಗೋಡಿನಲ್ಲಿ ಕಂಡದ್ದನ್ನು ಇಲ್ಲಿ ಬರೆಯದೆ ಹುಲಿಗೆಮ್ಮನವರ ವಿಷಯ ಅರ್ಥವಾಗುವುದಿಲ್ಲ; ಹೆಸರುಗಳನ್ನು ಬದಲಿಸಿದ್ದೇನೆ.

ಕುರುಗೋಡಿನಲ್ಲಿ ಒಂದು ಬೀಗರ ಊಟ. ಬಿಸಿಲು ಶಾಮಿಯಾನದ ಬಟ್ಟೆಯನ್ನು ದಾಟಿ ಬರುತ್ತಿತ್ತು. ಹೆಣ್ಣಿನ ತಂದೆ ನನ್ನನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದು ಹೇಳಿದರು: “ನಮ್ಮ ಬೀಗರು ಕುಡಿಯಂಗಿಲ್ಲ. ಅವರ ಮುಂದ ನಾನು ಕುಡಿದ್ರ ಮರ್ಯಾದಿ ಹೊಕ್ಕೈತಿ. ನನ್ನ ಗ್ಲಾಸಿನಾಗ ಒಂದಿಷ್ಟು ವಿಸ್ಕಿ ಇರಲಿ, ಕಾಣಬಾರ್ದು.” ಅವರು ಹೋದ ಬೆನ್ನಿಗೇ ಗಂಡಿನ ತಂದೆ ಅದೇ ಟ್ಯಾಂಕಿನ ಹಿಂದಕ್ಕೆ ಬಂದು ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳಿದರು. ನನ್ನಾರಿಯ ಕಂದು ಬಣ್ಣ ವಿಸ್ಕಿಯನ್ನು ಚೆನ್ನಾಗಿ ಮರೆಮಾಡುತ್ತದೆ. ಇಬ್ಬರೂ ಎದುರುಬದುರು ಕುಳಿತು ಶರಬತ್ತು ಕುಡಿದರು. ಮೂರನೆಯ ಲೋಟಕ್ಕೆ ಬರುವಷ್ಟರಲ್ಲಿ ಒಬ್ಬರನ್ನೊಬ್ಬರು ಅಪ್ಪಿಕೊಂಡು, ಈ ಕಾಲದಲ್ಲಿ ಕುಡಿತದ ಚಟವಿಲ್ಲದ ಬೀಗರು ಸಿಗುವುದು ಪುಣ್ಯ ಎಂದು ಅಳುತ್ತಿದ್ದರು.

ಅದೇ ಪಂಕ್ತಿಯಲ್ಲಿ ರಾರಾವಿಯ ಜಮೀನುದಾರರಾದ ವೀರನಗೌಡರಿದ್ದರು. ಗಂಜಿ ಹಾಕಿದ ಬಿಳಿ ಅಂಗಿ, ಬಿಳಿ ಧೋತರ, ಹೆಗಲ ಮೇಲೆ ಬಿಳಿ ಟವೆಲ್ಲು. ನನ್ನ ಪದ್ಧತಿಯಂತೆ ಕೇಳಿದೆ.

“ಎತ್ತಿ ಕುಡಿತೀರೋ, ಕಚ್ಚಿ ಕುಡಿತೀರೋ, ಗೌಡ್ರೆ?”

“ಎತ್ತಾಕ ನಾನೇನು ಮಠದಾಗ ಕುಂತೀನೇನವ್ವ? ಕಚ್ಚೇ ಕುಡಿತೀನಿ. ಅಂಚಿಗೆ ಆ ಉಪ್ಪು-ಖಾರ ಹಚ್ಚು.”

ಹಚ್ಚಿದೆ. ಅವರು ಲೋಟವನ್ನು ತಿರುಗಿಸುತ್ತ ಅಂಚನ್ನು ಸುತ್ತಲೂ ನೆಕ್ಕಿ, ತಮ್ಮದು ಮುಗಿದ ಮೇಲೆ ಪಕ್ಕದವರ ಲೋಟವನ್ನೂ ಇಸಿದುಕೊಂಡು ಎರಡು ಗುಟುಕು ಕುಡಿದು ಅದು ಹೆಚ್ಚು ಚೆನ್ನಾಗಿದೆ ಎಂದರು. ನಾನು ಶಾಮಿಯಾನದ ಕಂಬ ನೋಡುತ್ತ ನಿಂತೆ.

ಮರುವರ್ಷ ಹುಲಿಗೆಮ್ಮನವರು ಮಗನೊಡನೆ ನಮ್ಮ ಅಂಗಡಿಗೆ ಬಂದರು. ಮಗ ಆನಂದ ದನದ ಡಾಕ್ಟರು. ಸಿರುಗುಪ್ಪದಲ್ಲಿ ಹೊಸ ಮನೆ ಕಟ್ಟಿಸಿದ್ದರು. ಬುದ್ಧ ಪೂರ್ಣಿಮೆ ಮುಗಿದ ಮೇಲೆ ಪರಿಚಯದವರನ್ನು ಕರೆದು ತಂಪಾಗಿ ಏನಾದರೂ ಕೊಡಬೇಕೆಂದಿತ್ತು. ಪಂಚಶೀಲ ತೆಗೆದುಕೊಂಡ ಮನೆ, ಮದ್ಯ ಬೇಡ. ಇಷ್ಟನ್ನು ಮಗ ಹೇಳಿದ. ಆಮೇಲೆ ತಾಯಿ ಆ ಪ್ರಶ್ನೆ ಕೇಳಿದರು.

“ಯಾರು ಎತ್ತಬಾರ್ದು?” ಎಂದೆ.

“ರಾರಾವಿ ವೀರನಗೌಡ್ರು.”

ಹುಲಿಗೆಮ್ಮ ರಾರಾವಿಯವರೇ. ಗೌಡರ ಗದ್ದೆಯಲ್ಲಿ ನಾಟಿ ಮಾಡಿ, ಅವರ ಕೊಟ್ಟಿಗೆ ಬಳಿದು ಮಗನನ್ನು ಓದಿಸಿದವರು. ಆ ಮನೆಯಲ್ಲಿ ನೀರು ಕೇಳಿದರೆ ಬೊಗಸೆ ಒಡ್ಡಬೇಕಿತ್ತು, ಮೇಲಿನಿಂದ ಹೊಯ್ಯುತ್ತಿದ್ದರು. ಚಹಾಕ್ಕೆ ಕೊಟ್ಟಿಗೆಯ ಗೂಡಿನಲ್ಲಿ ಬೇರೆ ಲೋಟ. ಇದನ್ನು ಅವರು ಅಂದಿನ ಅಕ್ಕಿಯ ಧಾರಣೆ ಹೇಳುವಷ್ಟೇ ಸಮನಾದ ದನಿಯಲ್ಲಿ ಹೇಳಿದರು. ಈಗ ಗೌಡರ ಎಮ್ಮೆಗಳಿಗೆ ಜ್ವರ ಬಂದರೆ ಆನಂದನೇ ಬೇಕು. ಕರೆಯಲು ಗೌಡರು ಇವರ ಹಿಂದಿನ ಬಾಡಿಗೆ ಮನೆಗೆ ಬರುತ್ತಿದ್ದರು. ಚಹಾ ಎಂದರೆ ಬಿಸಿಲಿಗೆ ಬೇಡ ಎನ್ನುವರು. ನೀರು ಕೊಟ್ಟರೆ ಎತ್ತಿ ಕುಡಿದು, “ನಮ್ಮದು ಮನಿತನದ ಪದ್ಧತಿ, ಎಲ್ಲಿ ಹೋದ್ರೂ ಎತ್ತೇ ಕುಡಿಯೋದು” ಎನ್ನುವರು.

“ಪದ್ಧತಿ ಆದ್ರ ಆಗ್ಲಿ, ನನಗ ಬ್ಯಾಸರಿಲ್ಲ,” ಎಂದರು ಹುಲಿಗೆಮ್ಮ. “ಹೌದೋ ಅಲ್ಲೋ ತಿಳೀಬೇಕು. ನೀವು ಊರೂರು ತಿರುಗಾಡ್ತೀರಿ. ಬ್ಯಾರೆ ಕಡೆನೂ ಎತ್ತೇ ಕುಡಿತಾರೇನ್ರಿ ಅವರು?”

ನಾನು ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ನೋಡಿ, “ಐಸು ಕರಗಾಕ ಹತ್ತೈತಿ” ಎಂದೆ.

ಹುಲಿಗೆಮ್ಮ ನನ್ನ ಮುಖವನ್ನೇ ನೋಡಿದರು. “ಸಾಕು ಬಿಡ್ರಿ, ತಿಳೀತು. ಇದೊಂದ್ ಸಲ ನನ್ನ ಮನ್ಯಾಗ ನನ್ನ ಗಲಾಸಿಗೆ ಬಾಯಿ ಹಚ್ಚಲಿ. ಹಚ್ಚಲಿಲ್ಲಂದ್ರ ಇನ್ನ ಅವರಿಗೆ ನನ್ನ ಬಾಗಲ ತೆಗಿಯಂಗಿಲ್ಲ.”

“ಅವ್ವ, ಅವರ ಎಮ್ಮಿ ಏನ್ ತಪ್ಪು ಮಾಡ್ಯಾವ?” ಎಂದ ಆನಂದ.

“ಎಮ್ಮಿಗೆ ನೀನು ಹೋಗಿ ಸೂಜಿ ಹಾಕು. ಎಮ್ಮಿ ಕಚ್ಚೇ ಕುಡಿತಾವು.”

ನಾನು ಒಪ್ಪಿಕೊಂಡೆ. ಪರೀಕ್ಷೆಗೆ ಒಬ್ಬ ನುರಿತ ಎತ್ತುಗಾರ ಬೇಕಿತ್ತು. ತಿಪ್ಪೇಶ ಹುಟ್ಟಿದಾಗಿನಿಂದ ಏನನ್ನೂ ಕಚ್ಚಿ ಕುಡಿದವನಲ್ಲ. ಅವನನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಹುಲಿಗೆಮ್ಮನವರನ್ನು ಎದುರಿಗೆ ಕೂರಿಸಿ ಕೆಲಸಕ್ಕೆ ಇಳಿದೆ.

ಮೊದಲು ಗಟ್ಟಿಯಾದದ್ದು: ಮಾವಿನ ತಿರುಳು, ಕೆನೆಮೊಸರು, ಬೆಲ್ಲ. ಧಾರೆಯಾಗಿ ಬೀಳಲಾರದೆಂದು ನನ್ನ ಎಣಿಕೆ. ತಿಪ್ಪೇಶ ಲೋಟವನ್ನು ಬೋರಲು ಮಾಡಿ ತಳಕ್ಕೆ ಒಂದು ಏಟು ಕೊಟ್ಟ. ಗಾರೆಯವನ ಕರಣೆಯಿಂದ ಗಚ್ಚು ಬಿದ್ದ ಹಾಗೆ ಅದು ಇಡಿಯಾಗಿ ಬಾಯಿಗೆ ಬಿತ್ತು. “ಚಲೋ ಐತಿ,” ಎಂದ. ದಪ್ಪ ಐಸಿನ ತುಂಡು ತುಂಬಿ ಕೊಟ್ಟೆ. ಒಂದೊಂದನ್ನೇ ಹಲ್ಲಿನಲ್ಲಿ ಹಿಡಿದು ಕೆನ್ನೆಯಲ್ಲಿ ಕೂಡಿಟ್ಟುಕೊಂಡು ಉಳಿದದ್ದನ್ನು ಕುಡಿದ. ಶುಂಠಿ, ಹಸಿಮೆಣಸಿನಕಾಯಿ, ಆಗತಾನೆ ಒಡೆದ ಸೋಡಾ ಸೇರಿಸಿ ಗಂಟಲು ಸುಡುವಂಥದ್ದು ಕೊಟ್ಟೆ.

“ಸೋಡಾ ಮಾರೋ ಮನಿಶಾಗ ಗ್ಯಾಸ್ ತೋರ್ಸಿ ಹೆದರಸ್ತೀಯೇನಕ್ಕ?” ಎಂದು ಅದನ್ನೂ ಎತ್ತಿದ.

ಸ್ಟ್ರಾ ಹಾಕಿದರೆ ಹೇಗೆ ಎಂದೆ. ಹುಲಿಗೆಮ್ಮ ತಲೆಯಾಡಿಸಿದರು. “ಅದೂ ಮುಟ್ಟದಂಗ ಕುಡಿಯೋ ಉಪಾಯನ ಅಲ್ಲೇನ್ರಿ?” ಎಳನೀರಿನ ಕಾಯಿಯಲ್ಲೇ ಬೆರೆಸಿ ಕೊಟ್ಟರೆ? “ಆ ಕಾಯಿ ತೆಂಗಿನ ಮರದ್ದು. ನನ್ನ ಗಲಾಸು ಎಲ್ಲೈತಿ?” ಎರಡೂ ಸರಿಯಾದ ಆಕ್ಷೇಪಗಳು. ಮಧ್ಯಾಹ್ನದ ಹೊತ್ತಿಗೆ ತಿಪ್ಪೇಶನ ಹೊಟ್ಟೆ ಡೊಳ್ಳಿನಂತೆ ಬಿಗಿದು, ಅವನು ಸೋಡಾ ಕ್ರೇಟುಗಳ ಮೇಲೆ ಅಂಗಾತ ಮಲಗಿದ. ಅಂಗಡಿಗೆ ಗಿರಾಕಿ ಬಂದರೆ ಮಲಗಿದಲ್ಲಿಂದಲೇ ಬೆಲೆ ಹೇಳುತ್ತಿದ್ದ. ಹುಲಿಗೆಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ಗೌಡ್ರು ಇವರಷ್ಟು ಗಟ್ಟಿ ಇಲ್ಲ ಬಿಡ್ರಿ” ಎಂದು ನನಗೆ ಸಮಾಧಾನ ಹೇಳಿದರು.

ಅಷ್ಟರಲ್ಲಿ ತಿಪ್ಪೇಶನ ಹೆಂಡತಿ, ಗಂಡನ ಹೊಟ್ಟೆಗೆ ತಂಪಾಗಲೆಂದು, ಒಳಗಿನಿಂದ ತಂಬಿಗೆಯಲ್ಲಿ ಮಜ್ಜಿಗೆ ತಂದು ಅವನ ಪಕ್ಕದ ಕ್ರೇಟಿನ ಮೇಲಿದ್ದ ಲೋಟಕ್ಕೆ ಸುರಿದು ಹೋದಳು. ಅವಸರದಲ್ಲಿ ಲೋಟ ಅಂಚಿಗೆ ಅಂಚು ತುಂಬಿತ್ತು. ತಿಪ್ಪೇಶ ಎದ್ದು ಕುಳಿತ. ಕೈ ಚಾಚಿದ, ಹಿಂದಕ್ಕೆ ತೆಗೆದ. ಆಮೇಲೆ ಬಗ್ಗಿ, ತುಟಿಯನ್ನು ಚಾಚಿ, ಸುರ್ರೆಂದು ಒಂದು ಗುಟುಕು ಹೀರಿದ.

ನಾನೂ ಹುಲಿಗೆಮ್ಮನೂ ಒಬ್ಬರ ಮುಖವನ್ನೊಬ್ಬರು ನೋಡಿದೆವು.

“ಲೇ ತಿಪ್ಪೇಶ, ಈಗೇನು ಮಾಡಿದಿ?”

“ಏನು ಮಾಡಿದ್ನಿ? ಮಜ್ಜಿಗಿ ಕುಡಿದ್ನಿ.”

“ಹ್ಯಾಂಗ ಕುಡಿದಿ?”

ಅವನು ಲೋಟವನ್ನು ನೋಡಿದ. ನಿಧಾನವಾಗಿ ತುಟಿ ಒರೆಸಿಕೊಂಡ. “ಚೆಲ್ತಿತ್ತಕ್ಕ,” ಎಂದ, ದೊಡ್ಡ ಅಪರಾಧದಲ್ಲಿ ಸಿಕ್ಕಿಬಿದ್ದವನ ಹಾಗೆ.

ಯಾವ ಪಾನೀಯ ಎಂಬುದರಲ್ಲಿ ಏನೂ ಇರಲಿಲ್ಲ, ಎಷ್ಟು ತುಂಬಬೇಕು ಎಂಬುದರಲ್ಲಿ ಎಲ್ಲವೂ ಇತ್ತು. ಎರಡು ಬೆರಳು ಜಾಗ ಬಿಡಿರೆಂದು ವರ್ಷಗಟ್ಟಲೆ ಸಾಧಿಸಿದವಳು ನಾನು. ಪಾನೀಯವೂ ಸುಲಭವಾಗಿ ಗೊತ್ತಾಯಿತು: ನೇರಳೆ ಹಣ್ಣಿನ ರಸ. ಹಣ್ಣು ಆಗತಾನೆ ಮಾರುಕಟ್ಟೆಗೆ ಬರತೊಡಗಿತ್ತು. ಗಂಜಿ ಹಾಕಿದ ಬಿಳಿ ಅಂಗಿಯ ಮೇಲೆ ನೇರಳೆಯ ಒಂದು ಹನಿ ಬಿದ್ದರೆ ಆ ಅಂಗಿಯನ್ನು ಒರೆಸುವ ಬಟ್ಟೆ ಮಾಡಿಕೊಳ್ಳಬೇಕು.

ಆ ದಿನ ಸಿರುಗುಪ್ಪದ ಮನೆಯಲ್ಲಿ ನಾನು ತಟ್ಟೆಯಲ್ಲಿ ಲೋಟಗಳನ್ನು ಹೊತ್ತು ತರಲಿಲ್ಲ, ತಂದರೆ ತುಳುಕುತ್ತಿತ್ತು. ಪಡಸಾಲೆಯ ಟೀಪಾಯಿಯ ಮೇಲೆ ಹುಲಿಗೆಮ್ಮನವರ ಆರು ಹೊಸ ಗಾಜಿನ ಲೋಟಗಳನ್ನು ಖಾಲಿಯಾಗಿಯೇ ಇಟ್ಟಿದ್ದೆ. ಗೌಡರೂ ನೆರೆಮನೆಯ ನಾಲ್ವರೂ ಬಂದು ಕುಳಿತ ಮೇಲೆ ಜಗ್ಗಿನಿಂದ ತುಂಬಿ, ಪ್ರತಿ ಲೋಟಕ್ಕೂ ಕೊನೆಯಷ್ಟನ್ನು ಚಮಚದಿಂದ ಹನಿಹನಿಯಾಗಿ ಬಿಟ್ಟೆ. ರಸ ಅಂಚಿಗಿಂತ ಮೇಲೆದ್ದು ಗುಮ್ಮಟದ ಹಾಗೆ ನಿಂತಿತು. ಫ್ಯಾನಿನ ಗಾಳಿಗೆ ಗುಮ್ಮಟ ನಡುಗುತ್ತಿದ್ದುದರಿಂದ ಫ್ಯಾನು ನಿಲ್ಲಿಸಲು ಹೇಳಿದೆ. ಆ ಬಿಸಿಲಿನಲ್ಲಿ ಅತಿಥಿಗಳನ್ನು ಕರೆದು ಫ್ಯಾನು ನಿಲ್ಲಿಸಿದ ಮನೆ ಜಿಲ್ಲೆಯಲ್ಲಿ ಇನ್ನೊಂದಿರಲಾರದು. ತೇಲುವ ಐಸು ಕರಗಿದರೆ ರಸ ಉಕ್ಕೀತೇ ಎಂದು ನನಗೆ ಭಯವಿತ್ತು. ಉಕ್ಕುವುದಿಲ್ಲವೆಂದು ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದ ಗೆಳತಿಯನ್ನು ಫೋನಿನಲ್ಲಿ ಕೇಳಿ ತಿಳಿದುಕೊಂಡಿದ್ದೆ.

ಆರನೆಯ ಲೋಟದ ಮುಂದೆ ಹುಲಿಗೆಮ್ಮ ಕುರ್ಚಿ ಎಳೆದುಕೊಂಡು ಕುಳಿತರು. ಗೌಡರ ಎದುರಿಗೆ ಅವರು ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು ಎಂದು ಆನಂದ ಆಮೇಲೆ ಹೇಳಿದ.

ಗೌಡರು ಲೋಟವನ್ನು ನೋಡಿದರು. ಚಮಚ ಹಿಡಿದ ಕೈ ನೋಡಿದರು. ಕೈಯ ಹಿಂದಿದ್ದ ನನ್ನನ್ನು ನೋಡಿದರು.

“ಟೀಚರಮ್ಮ... ನೀವು ಇಲ್ಲೂ ಬರ್ತೀರೇನು?”

“ಕರೆದ ಮನಿಗೆಲ್ಲಾ ಬರ್ತೀನ್ರಿ, ಗೌಡ್ರೆ.”

“ಅಲ್ಲವ್ವ ಹುಲಿಗೆವ್ವ, ಇದೇನು ಹಿಂಗ ತುಂಬಿಸೀರಿ?”

“ಹೊಸಾ ಮನಿ ಗೌಡ್ರೆ, ತುಂಬೇ ಕೊಡಬೇಕು. ಕುಡೀರಿ.”

“ಒಂದಿಷ್ಟು ಕಡಿಮಿ ಮಾಡ್ರಿ, ಟೀಚರಮ್ಮ.”

“ಚಮಚ ಅದ್ದಿದ್ರ ಹೊರಗ ಬರ್ತೈತ್ರಿ,” ಎಂದೆ. ನಿಜವನ್ನೇ ಹೇಳಿದೆ.

ಗೌಡರು ಎರಡು ಬೆರಳುಗಳಿಂದ ಲೋಟವನ್ನು ಮುಟ್ಟಿದರು. ಗುಮ್ಮಟ ಅಲುಗಿ, ಒಂದು ಹನಿ ಗಾಜಿನ ಮೇಲೆ ಜಾರಿ ಟೀಪಾಯಿಯ ಮೇಲೆ ಕಪ್ಪು-ನೇರಳೆಯ ಬೊಟ್ಟಾಯಿತು. ಅವರು ಆ ಬೊಟ್ಟನ್ನು ನೋಡಿ ತಮ್ಮ ಎದೆಯ ಬಿಳುಪನ್ನು ನೋಡಿಕೊಂಡು ಕೈ ಹಿಂದಕ್ಕೆ ತೆಗೆದರು.

“ನಮ್ಮದು ಮನಿತನದ...” ಎಂದವರು ನನ್ನ ಕಡೆ ನೋಡಿ ಅಲ್ಲಿಗೇ ಬಿಟ್ಟರು. ನಾನು ಕಿಟಕಿಯ ಸರಳುಗಳನ್ನು ನೋಡುತ್ತಿದ್ದೆ.

ನೆರೆಯವರಿಗೆ ಇಷ್ಟು ಹೊತ್ತು ಕಾಯುವ ತಾಳ್ಮೆಯಿರಲಿಲ್ಲ. ಒಬ್ಬರು ಬಗ್ಗಿದರು, ಅವರನ್ನು ನೋಡಿ ಇನ್ನೊಬ್ಬರು. ನಾಲ್ಕು ತಲೆಗಳು ಟೀಪಾಯಿಯ ಸುತ್ತ ಇಳಿದು ನಾಲ್ಕು ಕಡೆಯಿಂದ ಸುರ್ರೆಂಬ ಸದ್ದೆದ್ದಿತು. ಬಾಗಿಲಿನಲ್ಲಿ ನಿಂತಿದ್ದ ಆನಂದನಿಗೆ ತನ್ನ ದಿನನಿತ್ಯದ ರೋಗಿಗಳು ನೆನಪಾದರೇನೋ, ಬಾಯಿಗೆ ಕರವಸ್ತ್ರ ಒತ್ತಿಕೊಂಡ.

“ಯಾಕ್ ನಗ್ತೀರಿ ಡಾಕ್ಟ್ರೆ?” ಎಂದು ನೆರೆಯವರೊಬ್ಬರು ತಲೆಯೆತ್ತಿ ಕೇಳಿದರು.

“ನಗು ಅಲ್ರಿ, ಗಂಟಲ ಕಿರಿಕಿರಿ.”

ಹುಲಿಗೆಮ್ಮ ಬಗ್ಗಲಿಲ್ಲ. “ನೀವು ಕುಡೀರಿ ಗೌಡ್ರೆ. ಆಮ್ಯಾಲೆ ನಾನು,” ಎಂದು ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತರು. ಎರಡು ತುಂಬಿದ ಲೋಟಗಳು ಎದುರೆದುರು. ಮಾತನಾಡಿದರೆ ತುಳುಕೀತೆಂಬ ಹೆದರಿಕೆ ಇಡೀ ಕೋಣೆಯನ್ನು ಹಿಡಿದಿತ್ತು. ಗೌಡರ ಮೂಗಿನ ತುದಿಯಲ್ಲಿ ಬೆವರು ಕೂಡುತ್ತಿತ್ತು. ಅವರು ಎದ್ದು ಹೋಗಬಹುದಿತ್ತು. ಬೇಡವೆನ್ನಬಹುದಿತ್ತು. ಬಾಯಾರಿಕೆಯೋ, ನಾನಲ್ಲಿದ್ದುದೋ, ಮನೆಯಲ್ಲಿ ಕಾಯಿಲೆ ಬೀಳುವ ಎಮ್ಮೆಗಳೋ, ಅವರ ಮನಸ್ಸಿನಲ್ಲಿ ಏನಿತ್ತೆಂದು ನಾನು ಊಹಿಸಿ ಬರೆಯುವುದು ಸರಿಯಲ್ಲ. ಅವರು ಹೆಗಲ ಟವೆಲ್ಲು ತೆಗೆದು ಮಡಿಲಿಗೆ ಹಾಸಿಕೊಂಡು, ಎರಡು ಕೈಗಳನ್ನೂ ಮೊಣಕಾಲಿಗೆ ಊರಿ, ಹುಲಿಗೆಮ್ಮನ ಲೋಟದ ಮಟ್ಟಕ್ಕೆ ತಲೆಯನ್ನು ತಗ್ಗಿಸಿ ತುಟಿ ಹಚ್ಚಿದರು.

ಆಮೇಲೆ ಲೋಟವನ್ನು ಕೈಗೆ ತೆಗೆದುಕೊಂಡು ಕಚ್ಚಿಯೇ ಮುಗಿಸಿದರು. ಹುಲಿಗೆಮ್ಮ ಬಗ್ಗಿ ತಮ್ಮದನ್ನು ಕುಡಿದರು. ಇಬ್ಬರಿಗೂ ನೇರಳೆ ಬಣ್ಣದ ಮೀಸೆ ಮೂಡಿತ್ತು.

ನನ್ನ ಕೆಲಸ ಅಲ್ಲಿಗೆ ಮುಗಿಯಿತೆಂದುಕೊಂಡು ಫ್ಯಾನು ಹಾಕಲು ಹೇಳಿದೆ. ಆದರೆ ಹುಲಿಗೆಮ್ಮನವರ ಮುಖದಲ್ಲಿ ನಾನು ನಿರೀಕ್ಷಿಸಿದ ಗೆಲುವು ಕಾಣಲಿಲ್ಲ. ಅವರು ಟೀಪಾಯಿಯ ಮೇಲಿನ ಬೊಟ್ಟನ್ನು ಸೆರಗಿನಿಂದ ಒರೆಸುತ್ತಿದ್ದರು. ಬಗ್ಗಿಸಿ ಕುಡಿಸಿದ್ದು ಕುಡಿದಂತೆ ಲೆಕ್ಕವೇ ಎಂಬ ಸಂಶಯ ನನಗೂ ಬಂತು.

ಅಷ್ಟರಲ್ಲಿ ಗೌಡರು ಲೋಟವನ್ನು ಮುಂದಕ್ಕೆ ಸರಿಸಿದರು. “ಇನ್ನೊಂದು ಹಾಕ್ರಿ. ಹಿಂದಿನಂಗ ತುಂಬಬ್ಯಾಡ್ರಿ ಮತ್ತ.”

ಈ ಸಲ ಎರಡು ಬೆರಳು ಜಾಗ ಬಿಟ್ಟು ಸುರಿದೆ. ಎತ್ತಲು ಯಾವ ಅಡ್ಡಿಯೂ ಇರಲಿಲ್ಲ. ಐಸು ಕೂಡ ಕರಗಿ ಸಣ್ಣದಾಗಿತ್ತು. ಗೌಡರು ಲೋಟ ತೆಗೆದುಕೊಂಡು ಗಲ್ಲದ ಮಟ್ಟಕ್ಕೆ ತಂದರು. ಹುಲಿಗೆಮ್ಮ ಒರೆಸುವುದನ್ನು ನಿಲ್ಲಿಸಿದರು. ಬೇರೆ ಯಾವ ಮನೆಯಲ್ಲಾದರೂ ನಾನು ಗೋಡೆಯ ಕಡೆ ತಿರುಗುತ್ತಿದ್ದೆ. ಅಲ್ಲಿ ತಿರುಗಲಿಲ್ಲ.

“ಭಾಳ ಚಲೋ ಐತವ್ವ. ಇದರಾಗ ಏನೇನ್ ಹಾಕೀರಿ?” ಎಂದು ಗೌಡರು ಹುಲಿಗೆಮ್ಮನನ್ನು ಕೇಳಿದರು.

“ನೇರಳಿ ಹಣ್ಣು ಕಿವುಚಿ ಸೋಸೋದು. ಕರೇ ಬೆಲ್ಲ. ಒಂಚೂರು ಶುಂಠಿ. ಆಮ್ಯಾಲೆ ಹುರದ ಜೀರಿಗಿ...”

ಜೀರಿಗೆಯ ಹತ್ತಿರ ಬರುವಷ್ಟರಲ್ಲಿ ಗೌಡರು, ಹೌದೌದೆಂದು ತಲೆಯಾಡಿಸುತ್ತ, ಲೋಟವನ್ನು ತುಟಿಗೆ ಹಚ್ಚಿ ಒಂದು ಗುಟುಕು ಕುಡಿದಿದ್ದರು. ಅವರಿಗೆ ಅದರ ಗಮನವಿರಲಿಲ್ಲ. ಇನ್ನೊಂದು ಗುಟುಕು ಕುಡಿದು, “ಜೀರಿಗಿ, ಆಮ್ಯಾಲೆ?” ಎಂದರು.

ಹುಲಿಗೆಮ್ಮನವರಿಗೆ ಮುಂದಿನದು ಮರೆತುಹೋಗಿತ್ತು. “ಉಪ್ಪು ರಿ,” ಎಂದು ನಾನು ಹೇಳಬೇಕಾಯಿತು.

ಆ ಬೇಸಿಗೆ ಕಳೆದ ಮೇಲೆ ನನ್ನ ಭುಜ ಹಿಡಿದುಕೊಂಡಿತು. ಕುಲುಕುವ ಕೆಲಸ ಬಿಡಿರೆಂದು ಡಾಕ್ಟರು ಹೇಳಿದರು, ಬಿಟ್ಟೆ. ಅಂಗಡಿ ಈಗ ತಿಪ್ಪೇಶನ ಕೈಯಲ್ಲಿಯೇ ಇದೆ, ಅಳತೆ ಮತ್ತೆ ಕಣ್ಣಿಗೆ ಹೋಗಿದೆ. ಕಿರಿಯರಿಗೆ ನಾನು ಹೇಳಬಹುದಾದದ್ದರಲ್ಲಿ ಹೆಚ್ಚಿನದನ್ನು ಅಂಗಡಿಯಲ್ಲಿ ಕೇಳಿ ಕಲಿಯಬಹುದು. ಉಳಿದದ್ದು ಸಿರುಗುಪ್ಪದಲ್ಲಿ ಆ ಮಧ್ಯಾಹ್ನ ಅತಿಥಿಗಳು ಹೊರಟುಹೋದ ಮೇಲೆ ನಡೆದದ್ದು.

ಹುಲಿಗೆಮ್ಮನವರ ಸೊಸೆ ಸುಜಾತ ಲೋಟಗಳನ್ನು ತೊಳೆಯಲು ಒಯ್ಯುತ್ತಿದ್ದಳು. ಆನಂದ ಅಡ್ಡ ಬಂದು ಗೌಡರು ಕುಡಿದದ್ದನ್ನು ತೆಗೆದುಕೊಂಡ. ಮೊದಲು ತಾಯಿಯ ಹಟಕ್ಕೆ ನಕ್ಕವನು ಅವನೇ. ಈಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

“ಅವ್ವ, ಇದನ್ನ ತೊಳಿಯೋದು ಬ್ಯಾಡ. ಬ್ಯಾರೆ ತೆಗೆದು ಶೋಕೇಸಿನಾಗ ಇಡೋಣು.”

ಹುಲಿಗೆಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಗಲಾಸು ಬ್ಯಾರೆ ಇಡೋದು ನಮ್ಮ ಮನ್ಯಾಗೂ ಸುರು ಮಾಡ್ತೀಯೇನು? ತೊಳದು ಎಲ್ಲಾದ್ರ ಜತಿ ಬೋರಲ ಹಾಕು.”

ಸುಜಾತ ಆರನ್ನೂ ತೊಳೆದು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಬೋರಲು ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಆನಂದ ಒಳಗೆ ಹೋಗಿ, ಗೌಡರದು ಯಾವುದೆಂದು ಕೇಳಿದ. ಅವಳಿಗೆ ಗೊತ್ತಾಗಲಿಲ್ಲ. ನಾನೂ ಹೋಗಿ ನೋಡಿದೆ. ನನಗೂ ಗೊತ್ತಾಗಲಿಲ್ಲ.